ಗಿರಾಕಿ ಅಮೆರಿಕದಲ್ಲಿ, ಆಫೀಸು ಹುಬ್ಬಳ್ಳಿಯಲ್ಲಿ: ಬಿಂಗ್ ಜಾಹೀರಾತು ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ಹುಬ್ಬಳ್ಳಿಯಲ್ಲಿ ನಮ್ಮದೊಂದು ಸಣ್ಣ ಕಂಪನಿ. ಅಮೆರಿಕದ ಸಿಪಿಎ (ಅಲ್ಲಿನ ಸಿಎ) ಆಫೀಸುಗಳಿಗೆ ಬುಕ್‌ಕೀಪಿಂಗ್, ಅಂದರೆ ಲೆಕ್ಕ ಬರೆಯುವ ಕೆಲಸ, ಮಾಡಿಕೊಡುತ್ತೇವೆ. ಇಲ್ಲಿಯವರೆಗೆ ಗಿರಾಕಿಗಳು ಪರಿಚಯದವರ ಮೂಲಕವೇ ಬಂದಿದ್ದಾರೆ. ಕಳೆದ ವರ್ಷ ಗೂಗಲ್‌ನಲ್ಲಿ ಜಾಹೀರಾತು ಹಾಕಿದೆವು. ಕ್ಲಿಕ್ ಬಂದವು, ದುಡ್ಡು ಖರ್ಚಾಯಿತು. ಆದರೆ ಫಾರ್ಮ್ ತುಂಬಿದವರಲ್ಲಿ ಹೆಚ್ಚಿನವರು ಕೆಲಸ ಹುಡುಕುವವರು. ಮೈಕ್ರೋಸಾಫ್ಟ್‌ನ ಸರ್ಚ್ ಎಂಜಿನ್ ಬಿಂಗ್‌ನಲ್ಲಿ ಹಾಕಿ, ಅಗ್ಗ ಎಂದು ಗೆಳೆಯರೊಬ್ಬರು ಹೇಳುತ್ತಿದ್ದಾರೆ. ಬಿಂಗ್ ಯಾರು ಬಳಸುತ್ತಾರೆ ಸರ್? ತಿಂಗಳಿಗೆ 500 ಡಾಲರ್‌ನಷ್ಟು ತೆಗೆದಿಡಬಹುದು. ಎಲ್ಲಿಂದ ಶುರು ಮಾಡಲಿ? ತಮ್ಮನದು ಕೊಪ್ಪಿಕರ್ ರಸ್ತೆಯಲ್ಲಿ ಫರ್ನಿಚರ್ ಅಂಗಡಿ ಇದೆ. ಅವನಿಗೂ ಇದು ಉಪಯೋಗ ಆಗುತ್ತಾ?

ಉತ್ತರ: ಬಿಂಗ್ ಯಾರು ಬಳಸುತ್ತಾರೆ ಅಂದರೆ, ನಿಮಗೆ ಬೇಕಾದ ಗಿರಾಕಿಗಳೇ ಬಳಸುತ್ತಾರೆ.

ಅಮೆರಿಕದ ಒಂದು ಸಣ್ಣ ಸಿಪಿಎ ಆಫೀಸನ್ನು ಕಣ್ಣ ಮುಂದೆ ತಂದುಕೊಳ್ಳಿ. ನಾಲ್ಕೈದು ಮೇಜು, ಮೇಜಿನ ಮೇಲೆ ವಿಂಡೋಸ್ ಕಂಪ್ಯೂಟರ್. ಅದರಲ್ಲಿ ಎಡ್ಜ್ ಬ್ರೌಸರ್, ಎಡ್ಜ್ ಒಳಗೆ ಮೊದಲಿಂದಲೇ ಬಿಂಗ್. ಕಂಪ್ಯೂಟರ್ ಹೊಂದಿಸಿಕೊಟ್ಟವರು ಹಾಗೇ ಬಿಟ್ಟು ಹೋಗಿರುತ್ತಾರೆ. ಕೆಲಸ ಮಾಡುವವರು ಅದನ್ನು ಬದಲಾಯಿಸುವ ಗೋಜಿಗೆ ಹೋಗುವುದಿಲ್ಲ. ಕೆಳಗಿನ ಟಾಸ್ಕ್‌ಬಾರ್‌ನ ಸರ್ಚ್ ಬಾಕ್ಸ್‌ನಲ್ಲಿ ಏನಾದರೂ ಟೈಪ್ ಮಾಡಿದರೂ ತೆರೆಯುವುದು ಬಿಂಗ್. ಇಡೀ ಜಗತ್ತಿನ ಹುಡುಕಾಟದಲ್ಲಿ ಬಿಂಗ್ ಪಾಲು ನೂರಕ್ಕೆ ನಾಲ್ಕರ ಆಸುಪಾಸು. ಆ ಸಂಖ್ಯೆ ನೋಡಿ ತುಂಬಾ ಜನ ಅಲ್ಲಿಗೇ ಕೈಬಿಡುತ್ತಾರೆ. ಆದರೆ ಆ ಲೆಕ್ಕದಲ್ಲಿ ಮೊಬೈಲ್ ಎಲ್ಲ ಸೇರಿಕೊಂಡಿದೆ. ಡೆಸ್ಕ್‌ಟಾಪ್ ಮಾತ್ರ ತೆಗೆದುಕೊಂಡರೆ ಪಾಲು ಅದರ ಎರಡು ಪಟ್ಟಿಗೂ ಜಾಸ್ತಿ. ಅಮೆರಿಕದ ಡೆಸ್ಕ್‌ಟಾಪ್ ಮಾತ್ರ ನೋಡಿದರೆ ಇನ್ನೂ ಜಾಸ್ತಿ. ಬುಕ್‌ಕೀಪಿಂಗ್ ಹೊರಗೆ ಕೊಡೋಣ ಎಂದು ಯೋಚಿಸುವವರು ಹುಡುಕುವುದು ಆಫೀಸಿನ ಸಮಯದಲ್ಲಿ, ಅದೇ ಮೇಜಿನ ಮುಂದೆ ಕೂತು. ನಿಮ್ಮ ವ್ಯವಹಾರಕ್ಕೆ ಬಿಂಗ್ ಹೊಂದುತ್ತದೆ ಎಂದು ನಾನು ಹೇಳುವುದು ಈ ಕಾರಣಕ್ಕೆ. ಅಗ್ಗ ಎನ್ನುವುದು ಎರಡನೆಯ ಮಾತು.

ಜಾಹೀರಾತು ಹಾಕುವ ಜಾಗದ ಹೆಸರು ಈಗ ಮೈಕ್ರೋಸಾಫ್ಟ್ ಅಡ್ವರ್ಟೈಸಿಂಗ್. 2006ರಲ್ಲಿ ಶುರುವಾದಾಗ ಅದು ಆಡ್‌ಸೆಂಟರ್. ಬಿಂಗ್ ಬಂದಿದ್ದು 2009ರಲ್ಲಿ. 2012ರಲ್ಲಿ ಹೆಸರು ಬಿಂಗ್ ಆಡ್ಸ್ ಆಯಿತು, 2019ರಲ್ಲಿ ಈಗಿನ ಹೆಸರು ಬಂತು. ಇದನ್ನು ಹೇಳಲು ಕಾರಣವಿದೆ. ಯೂಟ್ಯೂಬ್‌ನಲ್ಲಿ ಬಿಂಗ್ ಆಡ್ಸ್ ಎಂದು ಹುಡುಕಿದರೆ ಹಳೇ ವಿಡಿಯೋಗಳೇ ಸಿಗುತ್ತವೆ. ಅವುಗಳಲ್ಲಿರುವ ಪರದೆಗೂ ನಿಮಗೆ ಕಾಣುವ ಪರದೆಗೂ ತಾಳೆ ಆಗುವುದಿಲ್ಲ. ಹೊಸ ಹೆಸರಿನಲ್ಲೇ ಹುಡುಕಿ.

ಇಲ್ಲಿ ಹಾಕಿದ ಜಾಹೀರಾತು ಬಿಂಗ್‌ನಲ್ಲಿ ಮಾತ್ರ ಕಾಣಿಸಿಕೊಳ್ಳುವುದಿಲ್ಲ. ಯಾಹೂ, ಎಒಎಲ್, ಡಕ್‌ಡಕ್‌ಗೋಗಳಲ್ಲೂ ಮೈಕ್ರೋಸಾಫ್ಟ್ ಮೂಲಕವೇ ಜಾಹೀರಾತು ಹೋಗುತ್ತದೆ. ಇವುಗಳಿಗೆ ಬೇರೆ ಬೇರೆ ಖಾತೆ ತೆರೆಯುವ ಅಗತ್ಯವಿಲ್ಲ. ಇವಲ್ಲದೆ ಹೆಸರೇ ಕೇಳಿರದ ಇನ್ನಷ್ಟು ಪಾಲುದಾರ ಸೈಟುಗಳೂ ಇವೆ. ಅವುಗಳ ವಿಷಯಕ್ಕೆ ಮುಂದೆ ಬರುತ್ತೇನೆ, ಏಕೆಂದರೆ ದುಡ್ಡು ಸೋರುವುದು ಹೆಚ್ಚಾಗಿ ಅಲ್ಲೇ.

ಈಗ ಲೆಕ್ಕ. ಪ್ರತಿ ಹುಡುಕಾಟಕ್ಕೂ ಅಲ್ಲಿ ಒಂದು ಹರಾಜು ನಡೆಯುತ್ತದೆ. ನೀವು ಕೂಗಿದ ಬೆಲೆ ಎಷ್ಟು, ನಿಮ್ಮ ಜಾಹೀರಾತು ಆ ಹುಡುಕಾಟಕ್ಕೆ ಎಷ್ಟು ಹೊಂದುತ್ತದೆ, ಕ್ಲಿಕ್ ಮಾಡಿದವರು ಹೋಗಿ ಇಳಿಯುವ ಪುಟ ಹೇಗಿದೆ, ಎಲ್ಲ ಸೇರಿ ಜಾಗ ಗೊತ್ತಾಗುತ್ತದೆ. ಗೂಗಲ್‌ನಲ್ಲೂ ಹೀಗೇ. ಬಿಂಗ್‌ನಲ್ಲಿ ಕೂಗುವವರು ಕಡಿಮೆ, ಹಾಗಾಗಿ ಬಹಳಷ್ಟು ಪದಗಳಿಗೆ ಕ್ಲಿಕ್ ಬೆಲೆಯೂ ಕಡಿಮೆ ಬೀಳುತ್ತದೆ. ಹುಡುಕುವವರೂ ಕಡಿಮೆ ಇರುವುದರಿಂದ ಕ್ಲಿಕ್‌ಗಳ ಸಂಖ್ಯೆಯೂ ಕಡಿಮೆಯೇ.

ಕ್ಲಿಕ್‌ಗೆ 5 ಡಾಲರ್ ಬೀಳುತ್ತದೆ ಎಂದಿಟ್ಟುಕೊಳ್ಳಿ. 500 ಡಾಲರ್‌ಗೆ 100 ಕ್ಲಿಕ್. ನೂರರಲ್ಲಿ ಮೂವರು ಫಾರ್ಮ್ ತುಂಬಿದರೆ ತಿಂಗಳಿಗೆ ಮೂರು ವಿಚಾರಣೆ. ಆರು ವಿಚಾರಣೆಗೆ ಒಬ್ಬರು ಗಿರಾಕಿ ಆದರೆ, ಒಂದು ಗಿರಾಕಿಗೆ ಎರಡು ತಿಂಗಳು ಮತ್ತು 1000 ಡಾಲರ್. ಆ ಗಿರಾಕಿ ತಿಂಗಳಿಗೆ 600 ಡಾಲರ್ ಕೊಡುತ್ತಾರೆ, ಸಂಬಳ, ಸಾಫ್ಟ್‌ವೇರ್ ಎಲ್ಲ ಕಳೆದು ನಿಮಗೆ 200 ಉಳಿಯುತ್ತದೆ ಎಂದಾದರೆ, ಜಾಹೀರಾತಿನ ದುಡ್ಡು ವಾಪಸ್ ಬರಲು ಐದು ತಿಂಗಳು. ಇವೆಲ್ಲ ಅಂದಾಜಿನ ಅಂಕಿಗಳು. ನಿಮ್ಮ ಅಂಕಿಗಳನ್ನು ಹಾಕಿಕೊಂಡು ನೀವೇ ಈ ಲೆಕ್ಕ ಮಾಡಿ. ಸಿಪಿಎ ಆಫೀಸು ಒಮ್ಮೆ ನಂಬಿದರೆ ವರ್ಷಗಟ್ಟಲೆ ಬಿಡುವುದಿಲ್ಲ, ಅದು ನಿಮಗೇ ಗೊತ್ತು. ಹಾಗಾಗಿ ಐದು ತಿಂಗಳು ಕೆಟ್ಟ ಲೆಕ್ಕವೇನಲ್ಲ. ಆದರೆ ಮೊದಲ ತಿಂಗಳೇ ಗಿರಾಕಿ ಬರಲಿಲ್ಲ ಎಂದು ನಿಲ್ಲಿಸುವುದಾದರೆ ಶುರು ಮಾಡುವುದೇ ಬೇಡ. ಕನಿಷ್ಠ ಮೂರು ತಿಂಗಳ ದುಡ್ಡು ಪಕ್ಕಕ್ಕಿಟ್ಟುಕೊಂಡು ಇಳಿಯಿರಿ.

ಖಾತೆ ತೆರೆಯುವ ಮುಂಚೆಯೇ ನಿಮ್ಮ ಸೈಟಿನಲ್ಲಿ ಸ್ವಲ್ಪ ಕೆಲಸವಿದೆ. ಗೂಗಲ್‌ನಲ್ಲಿ ಕೆಲಸ ಹುಡುಕುವವರು ಬಂದು ತುಂಬಿಕೊಂಡರು ಅಂದಿರಿ. ಅದಕ್ಕೆ ಕಾರಣ ಗೂಗಲ್ ಒಂದೇ ಅಲ್ಲ. ನಿಮ್ಮ ಫಾರ್ಮ್‌ನಲ್ಲಿ ಹೆಸರು, ಇಮೇಲ್, ಸಂದೇಶ ಇಷ್ಟೇ ಇದ್ದರೆ ಯಾರು ಬೇಕಾದರೂ ತುಂಬುತ್ತಾರೆ. ಅದರಲ್ಲಿ ಮೊದಲ ಪ್ರಶ್ನೆಯಾಗಿ ಒಂದು ಆಯ್ಕೆ ಇಡಿ: ನಮ್ಮ ಆಫೀಸಿಗೆ ಬುಕ್‌ಕೀಪಿಂಗ್ ಬೇಕು, ನಮ್ಮ ಸ್ವಂತ ವ್ಯಾಪಾರಕ್ಕೆ ಬೇಕು, ಕೆಲಸ ಬೇಕು. ಮೂರನೆಯದನ್ನು ಒತ್ತಿದವರನ್ನು ನಿಮ್ಮ ಉದ್ಯೋಗದ ಪುಟಕ್ಕೆ ಕಳಿಸಿ. ಫಾರ್ಮ್ ತುಂಬಿದ ಮೇಲೆ ಬರುವ ಧನ್ಯವಾದ ಪುಟ ಮೊದಲಿನ ಇಬ್ಬರಿಗೆ ಮಾತ್ರ ಕಾಣಲಿ. ಇದು ಸಣ್ಣ ಬದಲಾವಣೆ ಅನ್ನಿಸಬಹುದು. ಆದರೆ ಜಾಹೀರಾತು ಯಾರಿಗೆ ತೋರಿಸಬೇಕೆಂದು ತೀರ್ಮಾನಿಸುವ ಯಂತ್ರ ಕಲಿಯುವುದೇ ಇದರಿಂದ. ಕೆಲಸ ಕೇಳುವವರನ್ನೂ ನೀವು ಯಶಸ್ಸು ಎಂದು ಲೆಕ್ಕಕ್ಕೆ ಹಿಡಿದರೆ, ಅದು ಅಂಥವರನ್ನೇ ಇನ್ನಷ್ಟು ಹುಡುಕಿ ತಂದುಕೊಡುತ್ತದೆ. ಕಳೆದ ವರ್ಷ ನಿಮಗೆ ಆಗಿರುವುದು ಬಹುಶಃ ಇದೇ.

ಆ ಲೆಕ್ಕ ಇಡಲು ಮೈಕ್ರೋಸಾಫ್ಟ್ ಕೊಡುವ ಕೋಡ್ ತುಣುಕಿಗೆ ಯುಇಟಿ ಟ್ಯಾಗ್ ಅನ್ನುತ್ತಾರೆ. ಸೈಟಿನ ಎಲ್ಲ ಪುಟಗಳಲ್ಲೂ ಅದು ಇರಬೇಕು. ಆಮೇಲೆ ಧನ್ಯವಾದ ಪುಟವನ್ನು ಕನ್ವರ್ಷನ್ ಗೋಲ್, ಅಂದರೆ ನಮಗೆ ಬೇಕಾದ ಫಲ ಇದು, ಎಂದು ಗುರುತಿಸಿ. ನೀವೇ ಒಮ್ಮೆ ಫಾರ್ಮ್ ತುಂಬಿ ನೋಡಿ, ಟ್ಯಾಗ್ ಕೆಲಸ ಮಾಡುತ್ತಿದೆ ಎಂದು ಖಾತೆಯಲ್ಲಿ ಕಾಣಿಸಬೇಕು. ಅದು ಕಾಣುವವರೆಗೆ ಒಂದು ಡಾಲರ್ ಕೂಡ ಖರ್ಚು ಮಾಡಬೇಡಿ. ಇನ್ನೊಂದು ಕೆಲಸವನ್ನು ಸೈಟ್ ಮಾಡಿಕೊಟ್ಟವರಿಗೆ ಹೇಳಿ. ಆಟೋ ಟ್ಯಾಗಿಂಗ್ ಆನ್ ಮಾಡಿದರೆ, ಕ್ಲಿಕ್ ಮಾಡಿದವರು ಬಂದು ಇಳಿಯುವ ಪುಟದ ವಿಳಾಸದ (ಯುಆರ್‌ಎಲ್) ಕೊನೆಗೆ ಎಂಎಸ್‌ಕ್ಲಿಕ್‌ಐಡಿ ಎಂಬ ಉದ್ದನೆಯ ಗುರುತು ಅಂಟಿಕೊಂಡು ಬರುತ್ತದೆ. ಅದನ್ನು ಫಾರ್ಮ್‌ನಲ್ಲಿ ಕಣ್ಣಿಗೆ ಕಾಣದ ಒಂದು ಕಾಲಂನಲ್ಲಿ ಉಳಿಸಿಕೊಳ್ಳಿ. ಎರಡು ತಿಂಗಳ ಮೇಲೆ ಆ ವ್ಯಕ್ತಿ ಗಿರಾಕಿ ಆದರೆ, ಯಾವ ಪದದಿಂದ ಬಂದವರು ಎಂದು ಆಗ ಗೊತ್ತಾಗುತ್ತದೆ. ನಿಮ್ಮದು ನಿಧಾನಕ್ಕೆ ಮಾಗುವ ವ್ಯವಹಾರ. ಇದಿಲ್ಲದೆ ಹೋದರೆ ಯಾವ ಪದ ದುಡ್ಡು ತಂದಿತು ಎಂದು ಕೊನೆಗೂ ತಿಳಿಯುವುದಿಲ್ಲ.

ಸಾಧ್ಯವಾದರೆ ಕ್ಲಾರಿಟಿ ಎನ್ನುವುದನ್ನೂ ಹಾಕಿಸಿ. ಮೈಕ್ರೋಸಾಫ್ಟ್‌ನದೇ, ಪೂರಾ ಉಚಿತ. ಬಂದವರು ಪುಟದಲ್ಲಿ ಎಲ್ಲಿವರೆಗೆ ಓದಿದರು, ಎಲ್ಲಿ ನಿಂತರು, ಎಲ್ಲಿಂದ ಹೊರಟುಹೋದರು ಎಂಬುದನ್ನು ರೆಕಾರ್ಡ್ ಮಾಡಿ ತೋರಿಸುತ್ತದೆ.

ಖಾತೆ ತೆರೆಯುವಾಗ ಅದು ನಿಮ್ಮನ್ನು ಸುಲಭದ ದಾರಿಗೆ ಕರೆಯಬಹುದು. ಪದ ನಾವೇ ಆರಿಸುತ್ತೇವೆ, ಬಿಡ್ (ಹರಾಜಿನಲ್ಲಿ ಕೂಗುವ ಬೆಲೆ) ನಾವೇ ನೋಡಿಕೊಳ್ಳುತ್ತೇವೆ ಎನ್ನುವ ಬಗೆಯದು. ಅದು ಬೇಡ, ಎಕ್ಸ್‌ಪರ್ಟ್ ಮೋಡ್ ಆರಿಸಿಕೊಳ್ಳಿ. ಎಲ್ಲವನ್ನೂ ಯಂತ್ರಕ್ಕೇ ಬಿಡುವ ಪರ್ಫಾರ್ಮೆನ್ಸ್ ಮ್ಯಾಕ್ಸ್ ಕೂಡ ಈಗಲೇ ಬೇಡ. ಅದಕ್ಕೆ ಕಲಿಯಲು ತುಂಬಾ ಕನ್ವರ್ಷನ್ ಬೇಕು, ತಿಂಗಳಿಗೆ ಮೂರು ವಿಚಾರಣೆ ಸಾಲುವುದಿಲ್ಲ. ಕರೆನ್ಸಿ ಆರಿಸುವಾಗ ಯೋಚನೆ ಮಾಡಿ ಆರಿಸಿ, ಆಮೇಲೆ ಬದಲಾಯಿಸಲು ಬರುವುದಿಲ್ಲ. ಕಾರ್ಡ್ ಮೇಲಿನ ಹೆಸರು, ಜಿಎಸ್‌ಟಿಯಲ್ಲಿರುವ ಹೆಸರು, ಸೈಟಿನಲ್ಲಿ ಬರೆದಿರುವ ಹೆಸರು, ವಿಳಾಸ ಎಲ್ಲ ಒಂದೇ ಇರಲಿ. ಜಾಹೀರಾತು ಕೊಡುವವರ ಗುರುತು ಪರಿಶೀಲನೆ ಇದೆ, ದಾಖಲೆ ಕೇಳುತ್ತಾರೆ. ಹೆಸರುಗಳು ತಾಳೆಯಾಗದೆ ಹೊಸ ಖಾತೆಗಳನ್ನು ತಡೆಹಿಡಿದದ್ದನ್ನು ನಾನು ಎಷ್ಟೋ ಬಾರಿ ನೋಡಿದ್ದೇನೆ. ಜಿಎಸ್‌ಟಿ ಸಂಖ್ಯೆಯನ್ನು ಮೊದಲೇ ತುಂಬಿಬಿಡಿ. ಇನ್‌ಪುಟ್ ಕ್ರೆಡಿಟ್ ವಿಷಯ ನಿಮಗೆ ನಾನು ಹೇಳಿಕೊಡಬೇಕಿಲ್ಲ, ಅಲ್ವಾ?

ಗೂಗಲ್‌ನಲ್ಲಿ ಮಾಡಿದ್ದನ್ನು ಹಾಗೇ ಎಳೆದುಕೊಳ್ಳುವ ಇಂಪೋರ್ಟ್ ಸೌಲಭ್ಯ ಇಲ್ಲಿದೆ. ಎರಡು ಮೂರು ಬಟನ್ ಒತ್ತಿದರೆ ಕೆಲಸ ಮುಗಿಯುತ್ತದೆ. ನೀವು ಅದನ್ನು ಮುಟ್ಟಬೇಡಿ. ಚೆನ್ನಾಗಿ ನಡೆಯುತ್ತಿರುವ ಗೂಗಲ್ ಖಾತೆ ಇದ್ದವರಿಗೆ ಅದು ಸಮಯ ಉಳಿಸುತ್ತದೆ. ನಿಮ್ಮದು ನಡೆಯಲಿಲ್ಲ. ಅಲ್ಲಿ ಸೋತಿದ್ದನ್ನೇ ಇಲ್ಲಿಗೂ ತಂದು ಕೂರಿಸಿದಂತೆ ಆಗುತ್ತದೆ. ತಾಂತ್ರಿಕವಾಗಿಯೂ ತೊಡಕಿದೆ. ಗೂಗಲ್‌ನಲ್ಲಿ ಬೇಡದ ಪದಗಳಿಗೆ, ಅಂದರೆ ನೆಗೆಟಿವ್ ಕೀವರ್ಡ್‌ಗಳಿಗೆ, ಬ್ರಾಡ್ ಎಂಬ ಬಗೆ ಇದೆ. ಮೈಕ್ರೋಸಾಫ್ಟ್‌ನಲ್ಲಿ ಇರುವುದು ಫ್ರೇಸ್ (ಹುಡುಕಾಟದಲ್ಲಿ ಆ ಪದಗುಚ್ಛ ಇರಬೇಕು), ಎಕ್ಸಾಕ್ಟ್ (ಹುಡುಕಾಟ ಪೂರ್ತಿ ಅದೇ ಆಗಿರಬೇಕು) ಎರಡೇ. ಬ್ರಾಡ್ ಎಂದು ಹಾಕಿದ್ದು ಇಲ್ಲಿ ಫ್ರೇಸ್ ಆಗಿಬಿಡುತ್ತದೆ. ಗೂಗಲ್‌ನಲ್ಲಿ ಬುಕ್‌ಕೀಪರ್ ಜಾಬ್ಸ್ ಎಂದು ಬ್ರಾಡ್‌ನಲ್ಲಿ ತಡೆದಿದ್ದರೆ, ಎರಡು ಪದ ಯಾವ ಕ್ರಮದಲ್ಲಿ ಬಂದರೂ ಜಾಹೀರಾತು ಕಾಣುವುದಿಲ್ಲ. ಇಲ್ಲಿ ಅದೇ ಕ್ರಮದಲ್ಲಿ, ಪಕ್ಕಪಕ್ಕದಲ್ಲೇ ಬಂದರೆ ಮಾತ್ರ ತಡೆ. ಜಾಬ್ಸ್ ಫಾರ್ ಬುಕ್‌ಕೀಪರ್ ಎಂದು ಹುಡುಕಿದವರು ಸಲೀಸಾಗಿ ಒಳಗೆ ಬರುತ್ತಾರೆ. ನಿಮ್ಮ ದುಡ್ಡಿನಲ್ಲಿ.

ಹಾಗಾಗಿ ಹೊಸದಾಗಿ, ಕೈಯಿಂದಲೇ ಕಟ್ಟಿ. ಒಂದು ಕ್ಯಾಂಪೇನ್ ಸಾಕು, ಒಳಗೆ ಎರಡೋ ಮೂರೋ ಗುಂಪು.

ಪದಗಳ ಆಯ್ಕೆಗೆ ಮಾತ್ರ ನಿಧಾನವಾಗಿ ಸಮಯ ಕೊಡಿ. ಬುಕ್‌ಕೀಪಿಂಗ್ ಸರ್ವಿಸಸ್ ನಿಯರ್ ಮಿ ಎಂದು ಹುಡುಕುವವರು ಯಾರು? ಒಂದು ಬೇಕರಿಯವರೋ ಪ್ಲಂಬರೋ ಇರಬಹುದು. ಅವರಿಗೆ ಹತ್ತಿರದ ಮನುಷ್ಯ ಬೇಕು. ನೀವು ಎಷ್ಟೇ ಚೆನ್ನಾಗಿ ಕೆಲಸ ಮಾಡಿದರೂ ಅವರಿಗೆ ಹತ್ತಿರದವರಲ್ಲ. ಅದೇ ವೈಟ್ ಲೇಬಲ್ ಬುಕ್‌ಕೀಪಿಂಗ್ ಎಂದು ಟೈಪ್ ಮಾಡುವವರು ಬೇರೆ. ಕೆಲಸ ನೀವು ಮಾಡಿ, ಹೆಸರು ನಮ್ಮದಿರಲಿ ಎನ್ನುವ ವ್ಯವಸ್ಥೆ ಅದು. ಆ ಮಾತು ಬಳಸುವವರು ಅಕೌಂಟಿಂಗ್ ಆಫೀಸ್ ನಡೆಸುವವರೇ. ಔಟ್‌ಸೋರ್ಸ್ಡ್ ಬುಕ್‌ಕೀಪಿಂಗ್ ಫಾರ್ ಸಿಪಿಎ ಫರ್ಮ್ಸ್, ಆಫ್‌ಶೋರ್ ಅಕೌಂಟಿಂಗ್ ಸ್ಟಾಫ್ ಫಾರ್ ಸಿಪಿಎ, ಬ್ಯಾಕ್ ಆಫೀಸ್ ಸಪೋರ್ಟ್ ಫಾರ್ ಅಕೌಂಟಿಂಗ್ ಫರ್ಮ್ಸ್, ಇವೆಲ್ಲ ಅದೇ ಸಾಲಿನವು. ಇಂಥ ಹದಿನೈದು ಇಪ್ಪತ್ತು ಪದಗುಚ್ಛ ಸಾಕು. ಎಲ್ಲವನ್ನೂ ಎಕ್ಸಾಕ್ಟ್ ಮತ್ತು ಫ್ರೇಸ್ ಬಗೆಯಲ್ಲಿ ಹಾಕಿ, ಆಸುಪಾಸಿನ ಹುಡುಕಾಟಗಳಿಗೂ ತೋರಿಸುವ ಬ್ರಾಡ್ ಸದ್ಯಕ್ಕೆ ಬೇಡ. ದಿನಕ್ಕೆ ನಾಲ್ಕೈದು ಕ್ಲಿಕ್ ಮಾತ್ರ ಬರುತ್ತಿವೆ ಎಂದು ಗಾಬರಿ ಆಗಬೇಡಿ. ವಾರಕ್ಕೆ ಐದು ದಿನ ಓಡಿಸಿದರೆ ನಿಮ್ಮ ಬಜೆಟ್‌ಗೆ ಅಷ್ಟೇ ಲೆಕ್ಕ.

ಬೇಡದ ಪದಗಳ ಪಟ್ಟಿಯನ್ನು ಮೊದಲ ದಿನವೇ ಹಾಕಿ. ಜಾಬ್, ಜಾಬ್ಸ್, ಸ್ಯಾಲರಿ, ಹೈರಿಂಗ್, ರೆಸ್ಯೂಮೆ, ವರ್ಕ್ ಫ್ರಮ್ ಹೋಮ್, ಕೋರ್ಸ್, ಸರ್ಟಿಫಿಕೇಶನ್, ಎಕ್ಸಾಮ್, ಟ್ರೈನಿಂಗ್, ಫ್ರೀ, ಟೆಂಪ್ಲೇಟ್, ಲಾಗಿನ್, ಡೌನ್‌ಲೋಡ್. ಏಕವಚನ, ಬಹುವಚನ ಎರಡನ್ನೂ ಹಾಕಬೇಕು, ಒಂದು ಹಾಕಿದರೆ ಇನ್ನೊಂದು ತಾನಾಗಿ ತಡೆಯುವುದಿಲ್ಲ. ರಿಮೋಟ್ ಎಂಬ ಪದ ಎರಡೂ ಕಡೆ ಸಲ್ಲುತ್ತದೆ. ರಿಮೋಟ್ ಬುಕ್‌ಕೀಪರ್ ಎಂದು ಹುಡುಕುವವರಲ್ಲಿ ಸೇವೆ ಬೇಕಾದವರೂ ಇರುತ್ತಾರೆ, ಕೆಲಸ ಬೇಕಾದವರೂ ಇರುತ್ತಾರೆ. ಶುರುವಿನಲ್ಲಿ ಅದನ್ನು ತಡೆದುಬಿಡಿ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಲೆಕ್ಕದ ಸಾಫ್ಟ್‌ವೇರ್ ಕ್ವಿಕ್‌ಬುಕ್ಸ್ ಇದೆಯಲ್ಲ, ಕ್ವಿಕ್‌ಬುಕ್ಸ್ ಸಪೋರ್ಟ್, ಕ್ವಿಕ್‌ಬುಕ್ಸ್ ಹೆಲ್ಪ್ ಎಂಬ ಪದಗಳಿಗೆ ತುಂಬಾ ಹುಡುಕಾಟ ಇದೆ. ಕ್ವಿಕ್‌ಬುಕ್ಸ್ ನಿಮಗೆ ಬಾಯಿಪಾಠ ಇರುವುದರಿಂದ ಹಾಕೋಣ ಅನ್ನಿಸುತ್ತದೆ. ಹಾಕಬೇಡಿ. ಗ್ರಾಹಕರಿಗೆ ಟೆಕ್ ಸಪೋರ್ಟ್ ಕೊಡುತ್ತೇವೆಂದು ಮೂರನೆಯವರು ಹಾಕುವ ಜಾಹೀರಾತುಗಳನ್ನು ಈ ಜಾಲ 2016ರ ಮೇ ತಿಂಗಳಲ್ಲೇ ಜಗತ್ತಿನಾದ್ಯಂತ ನಿಷೇಧಿಸಿತು. ಕಂಪ್ಯೂಟರ್ ಕೆಟ್ಟಿದೆ, ವೈರಸ್ ಬಂದಿದೆ ಎಂದು ಹೆದರಿಸಿ ವಯಸ್ಸಾದವರಿಂದ ದುಡ್ಡು ಕಿತ್ತುಕೊಳ್ಳುತ್ತಿದ್ದ ಕಾಲ್ ಸೆಂಟರ್‌ಗಳು ಇಂಥ ಜಾಹೀರಾತಿನಿಂದಲೇ ಬೇಟೆ ಹಿಡಿಯುತ್ತಿದ್ದವು. ಅವುಗಳಲ್ಲಿ ಹಲವು ನಡೆಯುತ್ತಿದ್ದುದು ನಮ್ಮ ದೇಶದಿಂದ. ಪ್ರಾಮಾಣಿಕವಾಗಿ ಕೆಲಸ ಮಾಡುವ ನಿಮ್ಮಂಥವರಿಗೂ ಈಗ ಅದರ ಬಿಸಿ ತಟ್ಟುತ್ತಿದೆ. ಭಾರತದ ಹೊಸ ಖಾತೆ, ಜಾಹೀರಾತಿನಲ್ಲಿ ಸಪೋರ್ಟ್ ಎಂಬ ಪದ, ಪಕ್ಕದಲ್ಲಿ ಇನ್ನೊಂದು ಕಂಪನಿಯ ಸಾಫ್ಟ್‌ವೇರ್ ಹೆಸರು: ಈ ಮೂರು ಒಟ್ಟಿಗೆ ಬಂದರೆ ಖಾತೆಗೇ ಕುತ್ತು ಬರಬಹುದು. ಕ್ಯಾಚ್‌ಅಪ್ ಬುಕ್‌ಕೀಪಿಂಗ್, ಮಂತ್ಲಿ ಕ್ಲೋಸ್, ಬ್ಯಾಂಕ್ ರೀಕನ್ಸಿಲಿಯೇಶನ್ ಎಂದು ನೀವು ಮಾಡುವ ಕೆಲಸದ ಹೆಸರನ್ನೇ ಬರೆಯಿರಿ.

ಲೊಕೇಶನ್ ಸೆಟ್ಟಿಂಗ್ ಇನ್ನೊಂದು ಬಲೆ. ಅಮೆರಿಕ ಎಂದು ಆರಿಸಿದ ಮಾತ್ರಕ್ಕೆ ಮುಗಿಯುವುದಿಲ್ಲ. ಕೆಳಗೆ ಇನ್ನೊಂದು ಆಯ್ಕೆ ಇರುತ್ತದೆ: ಆ ಜಾಗದಲ್ಲಿ ಇರುವವರಿಗೆ ಮಾತ್ರವೋ, ಆ ಜಾಗದ ಬಗ್ಗೆ ಆಸಕ್ತಿ ತೋರಿಸುವವರಿಗೂ ತೋರಿಸಬೇಕೋ ಎಂದು. ಎರಡನೆಯದು ಇದ್ದರೆ, ಬೆಂಗಳೂರಿನಲ್ಲೋ ಅಹಮದಾಬಾದಿನಲ್ಲೋ ಕೂತು ಅಮೆರಿಕದ ಅಕೌಂಟಿಂಗ್ ಕೆಲಸ ಹುಡುಕುವವರಿಗೂ ನಿಮ್ಮ ಜಾಹೀರಾತು ಕಾಣುತ್ತದೆ. ಇರುವವರಿಗೆ ಮಾತ್ರ ಎಂದು ಮಾಡಿ. ನಿಮಗೆ ಬಂದ ಅರ್ಜಿಗಳಲ್ಲಿ ಭಾರತದ ಫೋನ್ ನಂಬರ್ ಎಷ್ಟಿದ್ದವು ಎಂದು ಹಳೇ ಪಟ್ಟಿ ತೆಗೆದು ನೋಡಿ. ಗೂಗಲ್‌ನಲ್ಲೂ ಇದೇ ಸೆಟ್ಟಿಂಗ್ ತಪ್ಪಾಗಿತ್ತೋ ಏನೋ ಎಂದು ಅದರಿಂದ ತಿಳಿಯುತ್ತದೆ. ಇಡೀ ಅಮೆರಿಕಕ್ಕೆ ಒಂದೇ ಸಲ ಹರಡಬೇಡಿ. ಈಗಿರುವ ಗಿರಾಕಿಗಳು ಯಾವ ರಾಜ್ಯದಲ್ಲಿದ್ದಾರೋ ಆ ಎರಡು ಮೂರು ರಾಜ್ಯ ಸಾಕು. ಅಲ್ಲಿ ನಿಮಗೆ ಸಾಕ್ಷಿ ಹೇಳುವವರಿದ್ದಾರೆ.

ಸಮಯವನ್ನೂ ಹಾಗೇ ಕಟ್ಟಿ ಹಾಕಿ. ಸೋಮವಾರದಿಂದ ಶುಕ್ರವಾರ, ಅಲ್ಲಿನ ಬೆಳಿಗ್ಗೆ 8ರಿಂದ ಸಂಜೆ 6. ಈ ಗಂಟೆಗಳು ಹುಡುಕುವವರ ಊರಿನ ಸಮಯವೋ ನಿಮ್ಮ ಖಾತೆಯ ಸಮಯವೋ ಎಂದು ಸೆಟ್ಟಿಂಗ್‌ನಲ್ಲಿ ಒಮ್ಮೆ ನೋಡಿಕೊಳ್ಳಿ. ನ್ಯೂಯಾರ್ಕಿನಲ್ಲಿ ಬೇಸಿಗೆಯ ಬೆಳಿಗ್ಗೆ 9 ಗಂಟೆ ಎಂದರೆ ಹುಬ್ಬಳ್ಳಿಯಲ್ಲಿ ಸಂಜೆ 6.30, ಚಳಿಗಾಲದಲ್ಲಿ 7.30. ನಿಮ್ಮಲ್ಲಿ ರಾತ್ರಿ ಪಾಳಿ ಹೇಗೂ ಇರುತ್ತದೆ. ವಿಚಾರಣೆ ಬಂದ ಅರ್ಧ ಗಂಟೆಯಲ್ಲಿ ಮನುಷ್ಯರೇ ಬರೆದ ಉತ್ತರ ಹೋಗಬೇಕು. ಹುಡುಕುವವರು ನಿಮ್ಮದೊಂದೇ ಫಾರ್ಮ್ ತುಂಬಿರುವುದಿಲ್ಲ. ಬೆಳಿಗ್ಗೆ ಬಂದು ನೋಡೋಣ ಎಂದರೆ ಅಷ್ಟರಲ್ಲಿ ಬೇರೆಯವರು ಮಾತಾಡಿ ಮುಗಿಸಿರುತ್ತಾರೆ.

ಜಾಹೀರಾತಿಗೆ 15 ತಲೆಬರಹದವರೆಗೆ, 4 ವಿವರಣೆಯವರೆಗೆ ಬರೆಯಲು ಜಾಗವಿದೆ. ತಲೆಬರಹಕ್ಕೆ 30 ಅಕ್ಷರ, ವಿವರಣೆಗೆ 90. ಯಂತ್ರ ಅವುಗಳನ್ನು ಕೂಡಿಸಿ ಕಳೆದು ತೋರಿಸುತ್ತದೆ. ಬೆಸ್ಟ್, ಟ್ರಸ್ಟೆಡ್, ವರ್ಲ್ಡ್ ಕ್ಲಾಸ್ ಎಂಬ ಪದಗಳನ್ನು ಎಲ್ಲರೂ ಬರೆಯುತ್ತಾರೆ. ನೀವು ಸಿಪಿಎ ಆಫೀಸುಗಳಿಗೆ ಮಾತ್ರ ಎಂದು ಬರೆಯಿರಿ. ತಿಂಗಳಿಗೆ ಇಷ್ಟರಿಂದ ಶುರು ಎಂದು ದರವನ್ನೂ ಬರೆಯಿರಿ. ದರ ನೋಡಿದರೆ ಅಷ್ಟು ಕೊಡಲಾಗದವರು, ಕೆಲಸ ಹುಡುಕುವವರು ಕ್ಲಿಕ್ ಮಾಡುವುದೇ ಕಡಿಮೆ. ಕ್ಲಿಕ್ಕಿಗೆ ಮಾತ್ರ ದುಡ್ಡು, ಕಂಡಿದ್ದಕ್ಕಲ್ಲ. ಹಾಗಾಗಿ ಬೇಡದವರು ಓದಿ ಮುಂದೆ ಹೋಗುವಂತೆ ಬರೆಯುವುದೂ ಉಳಿತಾಯವೇ.

ಕ್ಲಿಕ್ ಮಾಡಿದವರನ್ನು ಸೈಟಿನ ಮುಖಪುಟಕ್ಕೆ ಕಳಿಸಬೇಡಿ, ಇದಕ್ಕೇ ಒಂದು ಪುಟ ಮಾಡಿಸಿ. ಆ ಪುಟದಲ್ಲಿ ನಿಮ್ಮ ತಂಡ ಹುಬ್ಬಳ್ಳಿಯಲ್ಲಿದೆ ಎಂದು ನೇರವಾಗಿ ಹೇಳಿ. ಅಮೆರಿಕದ ಬಾಡಿಗೆ ವಿಳಾಸ ಹಾಕಿ, ನಗುವ ಬಿಳಿ ಮುಖಗಳ ಸ್ಟಾಕ್ ಫೋಟೋ ಹಾಕಿ ಮುಚ್ಚಿಡುವ ಕಂಪನಿಗಳನ್ನು ನೋಡಿ ನನಗೆ ಬೇಜಾರಾಗುತ್ತದೆ. ಮೊದಲ ವಿಡಿಯೋ ಕರೆಯಲ್ಲೇ ಗೊತ್ತಾಗುವ ವಿಷಯ ಅದು, ಗೊತ್ತಾದ ಕೂಡಲೇ ನಂಬಿಕೆ ಹೋಗುತ್ತದೆ. ನಿಮ್ಮ ನಿಜವಾದ ಆಫೀಸು, ನಿಮ್ಮ ಜನರ ಫೋಟೋ ಹಾಕಿ. ಸಿಪಿಎಗಳಿಗೆ ಇರುವ ದೊಡ್ಡ ಆತಂಕ ಕಾನೂನಿನದು. ತೆರಿಗೆ ರಿಟರ್ನ್‌ಗೆ ಸಂಬಂಧಿಸಿದ ಮಾಹಿತಿಯನ್ನು ದೇಶದ ಹೊರಗಿನವರಿಗೆ ಕೊಡಬೇಕಾದರೆ ಅವರು ತಮ್ಮ ಗ್ರಾಹಕರ ಲಿಖಿತ ಒಪ್ಪಿಗೆ ಪಡೆಯಬೇಕು. ಅಲ್ಲಿನ ತೆರಿಗೆ ಕಾನೂನಿನ ಸೆಕ್ಷನ್ 7216 ಎಂದರೆ ಅವರಿಗೆ ತಕ್ಷಣ ಅರ್ಥವಾಗುತ್ತದೆ. ಅದು ನಿಮಗೆ ಗೊತ್ತಿದೆ, ಅದಕ್ಕೆ ನಿಮ್ಮಲ್ಲಿ ವ್ಯವಸ್ಥೆ ಇದೆ, ಕಡತ ಯಾರು ನೋಡುತ್ತಾರೆ, ಎಲ್ಲಿ ಇಡುತ್ತೀರಿ ಎಂದು ನಾಲ್ಕು ಸಾಲು ಬರೆಯಿರಿ. ಈ ನಾಲ್ಕು ಸಾಲಿಗೆ ಇಡೀ ಪುಟದ ಉಳಿದೆಲ್ಲ ಮಾತಿಗಿಂತ ಬೆಲೆ ಜಾಸ್ತಿ.

ಜಾಹೀರಾತು ಓಡಲು ಶುರುವಾದ ಮೇಲೆ ಮೊದಲ ವಾರವೇ ಪಬ್ಲಿಷರ್ ರಿಪೋರ್ಟ್ ತೆಗೆಯಿರಿ. ಯಾವ ಯಾವ ಸೈಟಿನಿಂದ ಕ್ಲಿಕ್ ಬಂದಿವೆ ಎಂಬ ಪಟ್ಟಿ ಅದು. ಬಿಂಗ್, ಯಾಹೂ, ಡಕ್‌ಡಕ್‌ಗೋ ಹೆಸರುಗಳು ಸರಿ. ಇವುಗಳ ನಡುವೆ ವಿಚಿತ್ರ ಹೆಸರಿನ ಸೈಟುಗಳೂ ಕಾಣಬಹುದು. ಅಲ್ಲಿಂದ ಕ್ಲಿಕ್ ಜಾಸ್ತಿ, ಪುಟದಲ್ಲಿ ನಿಂತಿದ್ದು ಎರಡು ಸೆಕೆಂಡ್, ಫಾರ್ಮ್ ಸೊನ್ನೆ ಎಂದಿದ್ದರೆ ಆ ಸೈಟುಗಳನ್ನು ಎಕ್ಸ್‌ಕ್ಲೂಡ್ ಪಟ್ಟಿಗೆ ಹಾಕಿ. ಪ್ರತಿ ವಾರ ಮಾಡಬೇಕಾದ ಕೆಲಸ ಇದು. ಹಾಗೆಯೇ ಎಂಎಸ್ಎನ್, ಔಟ್‌ಲುಕ್ ಪುಟಗಳಲ್ಲಿ ಬರುವ ಆಡಿಯನ್ಸ್ ಜಾಹೀರಾತು ಬೇರೆಯೇ ಬಗೆ. ಅಲ್ಲಿ ಯಾರೂ ಏನೂ ಹುಡುಕುತ್ತಿರುವುದಿಲ್ಲ, ಸುದ್ದಿಯನ್ನೋ ಮೇಲನ್ನೋ ನೋಡುತ್ತಿರುತ್ತಾರೆ. ನಿಮ್ಮ ಸರ್ಚ್ ಕ್ಯಾಂಪೇನಿನ ದುಡ್ಡು ಅಲ್ಲಿಗೂ ಹೋಗುತ್ತಿದೆಯಾ ಎಂದು ರಿಪೋರ್ಟಿನಲ್ಲಿ ನೋಡಿ. ಹೋಗುತ್ತಿದ್ದರೆ ಆ ಭಾಗದ ಬಿಡ್ ಹೊಂದಾಣಿಕೆಯನ್ನು ಮೈನಸ್ 100ಕ್ಕೆ ಇಳಿಸಿ.

ಮೈಕ್ರೋಸಾಫ್ಟ್ 2016ರಲ್ಲಿ ಲಿಂಕ್ಡ್‌ಇನ್ ಕೊಂಡುಕೊಂಡಿತು. ಹಾಗಾಗಿ ಹುಡುಕುವವರ ಉದ್ಯಮ, ಕಂಪನಿ, ಕೆಲಸದ ಬಗೆ ನೋಡಿ ಬಿಡ್ ಏರಿಸುವ ಸೌಲಭ್ಯ ಇಲ್ಲಿದೆ. ಇದು ಗೂಗಲ್‌ನಲ್ಲಿಲ್ಲ. ನಿಮಗಂತೂ ಹೇಳಿ ಮಾಡಿಸಿದಂತಿದೆ. ಅಕೌಂಟಿಂಗ್ ಉದ್ಯಮವನ್ನು ಸೇರಿಸಿಕೊಂಡು ಮೊದಲು ಏರಿಸದೆ ಸುಮ್ನೆ ಗಮನಿಸಿ. ಅವರಿಂದ ವಿಚಾರಣೆ ಜಾಸ್ತಿ ಬರುತ್ತಿದೆ ಎಂದು ಕಂಡ ಮೇಲೆ ನೂರಕ್ಕೆ ಇಪ್ಪತ್ತರಷ್ಟು ಏರಿಸಿ ನೋಡಬಹುದು.

ಬಿಡ್ಡಿಂಗ್‌ಗೆ ಶುರುವಿನಲ್ಲಿ ಮ್ಯಾಕ್ಸಿಮೈಸ್ ಕ್ಲಿಕ್ಸ್ (ಬಜೆಟ್‌ನೊಳಗೆ ಆದಷ್ಟು ಹೆಚ್ಚು ಕ್ಲಿಕ್ ತರುವ ಬಗೆ) ಇಟ್ಟು, ಒಂದು ಕ್ಲಿಕ್ಕಿಗೆ ಗರಿಷ್ಠ ಇಷ್ಟೇ ಎಂದು ಮೇಲ್ಮಿತಿ ಹಾಕಿ. ಮೇಲ್ಮಿತಿ ಮರೆತರೆ ಒಂದೇ ಕ್ಲಿಕ್ಕಿಗೆ ದಿನದ ದುಡ್ಡೆಲ್ಲ ಹೋಗಬಹುದು. ಟಾರ್ಗೆಟ್ ಸಿಪಿಎ ಎಂಬ ಹೆಸರು ನೋಡಿ ಇದು ನಮ್ಮ ಸಿಪಿಎಗಳಿಗೆ ಸಂಬಂಧಿಸಿದ್ದು ಅಂದುಕೊಳ್ಳಬೇಡಿ. ಅದು ಒಂದು ವಿಚಾರಣೆಗೆ ಇಷ್ಟು ಖರ್ಚು ಎಂದು ಗುರಿ ಕೊಡುವ ವಿಧಾನ. ಅದಕ್ಕೆ ಹೋಗುವಷ್ಟು ಕನ್ವರ್ಷನ್ ನಿಮಗೆ ಬರಲು ಇನ್ನೂ ಸಮಯ ಬೇಕು.

ವಾರಕ್ಕೆ ಎರಡು ಸಲ ಸರ್ಚ್ ಟರ್ಮ್ ರಿಪೋರ್ಟ್ ನೋಡಿ. ಜನ ನಿಜವಾಗಿ ಏನು ಟೈಪ್ ಮಾಡಿದರು ಎಂಬುದು ಅದರಲ್ಲಿರುತ್ತದೆ. ಬೇಡದ್ದು ಕಂಡರೆ ನೆಗೆಟಿವ್ ಪಟ್ಟಿಗೆ, ಹೊಸ ಒಳ್ಳೇ ಮಾತು ಕಂಡರೆ ಕೀವರ್ಡ್‌ಗೆ. ಬಿಡ್ಡನ್ನು ದಿನಾ ಏರಿಸಿ ಇಳಿಸಿ ಮಾಡಬೇಡಿ. ದಿನಕ್ಕೆ ನಾಲ್ಕೈದು ಕ್ಲಿಕ್ ಬರುವಲ್ಲಿ ನಿನ್ನೆ, ಇವತ್ತು ಎಂದು ಹೋಲಿಸಿ ಏನೂ ಗೊತ್ತಾಗುವುದಿಲ್ಲ. ಒಂದು ಪದಕ್ಕೆ ನೂರು ಕ್ಲಿಕ್ ಬಂದೂ ಒಂದು ಸರಿಯಾದ ವಿಚಾರಣೆ ಬರದಿದ್ದರೆ ಆ ಪದವನ್ನು ನಿಲ್ಲಿಸಿ. ಎಲ್ಲ ಪದಗಳದ್ದೂ ಅದೇ ಕತೆಯಾದರೆ ಜಾಹೀರಾತನ್ನು ಬಿಟ್ಟು ಪುಟವನ್ನು ಮತ್ತೆ ನೋಡಿ.

ಯಾವಾಗ ಶುರು ಮಾಡಬೇಕು ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಜನವರಿ ಕೊನೆಗೆ 1099, ಡಬ್ಲ್ಯು 2 ಎಂಬ ತೆರಿಗೆ ಫಾರ್ಮ್‌ಗಳನ್ನು ಕೊಡುವ ಗಡುವಿನಿಂದ ಹಿಡಿದು ರಿಟರ್ನ್ ಗಡುವಾದ ಏಪ್ರಿಲ್ 15ರವರೆಗೆ ಸಿಪಿಎಗಳಿಗೆ ತಲೆ ಎತ್ತಲು ಪುರಸೊತ್ತು ಇರುವುದಿಲ್ಲ. ಆಗ ಹೊಸಬರಿಗೆ ಕೆಲಸ ಹೇಳಿಕೊಡುವ ತಾಳ್ಮೆಯೂ ಇರುವುದಿಲ್ಲ. ಮುಂದಿನ ವರ್ಷ ಹೀಗಾಗಬಾರದು ಎಂದು ಅವರು ಯೋಚಿಸುವುದು ಏಪ್ರಿಲ್ ಮುಗಿದ ಮೇಲೆ. ಮೇ ತಿಂಗಳಿಂದ ನವೆಂಬರ್‌ವರೆಗೆ ಹೆಚ್ಚು ಖರ್ಚು ಮಾಡಿ. ಫೆಬ್ರವರಿ, ಮಾರ್ಚ್‌ನಲ್ಲಿ ಅರ್ಧಕ್ಕೆ ಇಳಿಸಿ. ಆ ದುಡ್ಡು ಮೇ ನಂತರದ ತಿಂಗಳುಗಳಿಗೆ ಆಗುತ್ತದೆ.

ಇನ್ನು ತಮ್ಮನ ಅಂಗಡಿ. ಅವರಿಗೆ ಬಿಂಗ್ ಬೇಡ. ಹುಬ್ಬಳ್ಳಿಯಲ್ಲಿ ಸೋಫಾ, ಮಂಚ ಹುಡುಕುವವರು ಫೋನ್‌ನಲ್ಲಿ ಹುಡುಕುತ್ತಾರೆ. ಇಲ್ಲಿನ ಫೋನ್‌ಗಳೆಲ್ಲ ಹೆಚ್ಚುಕಡಿಮೆ ಆಂಡ್ರಾಯ್ಡ್, ಅದರಲ್ಲಿರುವುದು ಗೂಗಲ್. ಮೊದಲು ಗೂಗಲ್ ಮ್ಯಾಪ್‌ನಲ್ಲಿ ಅಂಗಡಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲಿ, ಅದಕ್ಕೆ ದುಡ್ಡಿಲ್ಲ. ತೆರೆಯುವ ಸಮಯ, ವಾಟ್ಸಾಪ್ ನಂಬರ್, ಬೆಲೆ ಸಮೇತ ಫೋಟೋಗಳು ಅಲ್ಲಿರಲಿ. ಕೊಂಡವರನ್ನು ಕೇಳಿ ನಾಲ್ಕು ಸಾಲಿನ ಅಭಿಪ್ರಾಯ ಬರೆಸಲಿ. ಅದಾದ ಮೇಲೂ ಜಾಹೀರಾತು ಬೇಕೆನಿಸಿದರೆ ಹುಬ್ಬಳ್ಳಿ, ಧಾರವಾಡಕ್ಕೆ ಮಾತ್ರ ಸೀಮಿತ ಮಾಡಿ, ದಸರಾ, ದೀಪಾವಳಿಯ ಮುಂಚಿನ ಕೆಲವು ವಾರ ಗೂಗಲ್‌ನಲ್ಲೇ ಹಾಕಿ ನೋಡಲಿ.